ಮೋಟರ್‌ಹೋಮ್‌ಗೆ ಆನಿಂಗ್: ಆರಿಸುವುದು ಹೇಗೆ, ಬಿಚ್ಚುವುದು ಹೇಗೆ, ಮಡಚುವುದು ಯಾವಾಗ

ಊರಿಂದ ಅಪ್ಪ–ಅಮ್ಮ ಬಂದಿದ್ದಾರೆ, ಮಕ್ಕಳಿಗೆ ರಜೆ ಸಿಕ್ಕಿದೆ, ಹತ್ತು ದಿನಕ್ಕೆ ಒಂದು ಮೋಟರ್‌ಹೋಮ್ ಹಿಡಿದು ಸುತ್ತಿ ಬರೋಣ ಎನ್ನುವ ಕನ್ನಡದ ಮನೆಗಳು ಜರ್ಮನಿ, ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಗಾಡಿಯೊಳಗೆ ಹಾಸಿಗೆ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಇರುತ್ತದೆ. ಇಲ್ಲದಿರುವುದು ಜಗುಲಿ. ಆ ಕೊರತೆ ತುಂಬುವುದೇ ಆನಿಂಗ್, ಅಂದರೆ ಬಾಗಿಲಿರುವ ಪಕ್ಕದ ಗೋಡೆಯಿಂದ ಹೊರಕ್ಕೆ ಚಾಚುವ ಬಟ್ಟೆಯ ಮಾಡು. ಕಾಲು ನೋವಿರುವ ಹಿರಿಯರು ಇಕ್ಕಟ್ಟಿನ ಗಾಡಿಯೊಳಗೆ ಇಡೀ ಮಧ್ಯಾಹ್ನ ಕೂರಲಾರರು. ಒಗ್ಗರಣೆಯ ಘಾಟು ಗಾಡಿಯೊಳಗೆ ಹೊಕ್ಕರೆ ಪರದೆ, ಹಾಸಿಗೆಗಳಿಂದ ಮೂರು ದಿನವಾದರೂ ಹೋಗುವುದಿಲ್ಲ. ಹಾಗಾಗಿ ಬೇರೆಯವರಿಗಿಂತ ನಮ್ಮವರಿಗೆ ಆನಿಂಗ್‌ನ ಉಪಯೋಗ ಒಂದು ಕೈ ಹೆಚ್ಚೇ.

ಆದರೆ ಮೋಟರ್‌ಹೋಮ್‌ನ ಹೊರಭಾಗದಲ್ಲಿ ಇಷ್ಟು ಸುಲಭವಾಗಿ ಹಾಳಾಗುವ ವಸ್ತು ಇನ್ನೊಂದಿಲ್ಲ. ಹಾಳಾಗುವುದೂ ಹಳೆಯದಾಗಿ ಅಲ್ಲ, ಸಮಯಕ್ಕೆ ಸರಿಯಾಗಿ ಮಡಚದೆ. ಕೊಳ್ಳುವಾಗಲೂ ಬಳಸುವಾಗಲೂ ಈ ಮಾತು ತಲೆಯಲ್ಲಿರಲಿ.

ಮೊದಲು ರಾತ್ರಿಗಳ ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಒಂದು ಜಾಗದಲ್ಲಿ ಸಾಮಾನ್ಯವಾಗಿ ಎಷ್ಟು ರಾತ್ರಿ ತಂಗುತ್ತೀರಿ?

ಇಂದು ಇಲ್ಲಿ, ನಾಳೆ ಇನ್ನೊಂದೂರು ಎನ್ನುವವರಿಗೆ ಸುರುಳಿ ಆನಿಂಗ್ ಸರಿ. ಉದ್ದನೆಯ ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿಕೊಂಡಿರುತ್ತದೆ. ಪೆಟ್ಟಿಗೆ ಗಾಡಿಗೆ ಶಾಶ್ವತವಾಗಿ ಕೂತಿರುತ್ತದೆ. ಹಿಡಿ ತಿರುಗಿಸಿದರೆ ಐದು ನಿಮಿಷದಲ್ಲಿ ನೆರಳು ಸಿದ್ಧ. ಯುರೋಪಿನಲ್ಲಿ ಹೆಚ್ಚಾಗಿ ಕಾಣುವುದು ಇಟಲಿಯ ಫಿಯಾಮಾ ಮತ್ತು ಸ್ವೀಡನ್ನಿನ ಥೂಲೆ ಕಂಪನಿಗಳವು. ಫಿಯಾಮಾ ಎಫ್45, ಥೂಲೆ ಒಮ್ನಿಸ್ಟೋರ್ 5200 ಗೋಡೆಗೆ ಕೂರುವ ಮಾದರಿಗಳು. ಫಿಯಾಮಾ ಎಫ್80, ಥೂಲೆ 6300 ಮಾಡಿನ ಅಂಚಿಗೆ ಕೂರುತ್ತವೆ. ಎತ್ತರದ ವ್ಯಾನ್ ಮಾದರಿಯ ಗಾಡಿಗಳಲ್ಲಿ ಜಾರುಬಾಗಿಲು ಮಾಡಿನ ಹತ್ತಿರದವರೆಗೂ ಇರುವುದರಿಂದ ಗೋಡೆಯಲ್ಲಿ ಜಾಗವೇ ಸಾಲದು. ಅಂಥವಕ್ಕೆ ಮಾಡಿನ ಮಾದರಿಯೇ ಗತಿ.

ಒಂದೇ ಕ್ಯಾಂಪ್‌ಸೈಟ್‌ನಲ್ಲಿ ವಾರಗಟ್ಟಲೆ ಬಿಡಾರ ಹೂಡುವವರಿಗೆ ಬೇರೆಯದೇ ಬಗೆ ಇದೆ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲುವ ಡೇರೆ. ಗಾಡಿಯ ಪಕ್ಕಕ್ಕೆ ಒಂದು ಪಟ್ಟಿಯಿಂದ ಸೇರಿಕೊಂಡಿರುತ್ತದೆ. ಪಟ್ಟಿ ಬಿಡಿಸಿ, ಗಾಡಿ ತೆಗೆದುಕೊಂಡು ಊರು ಸುತ್ತಿ ಬಂದು ಮತ್ತೆ ಸೇರಿಸಬಹುದು. ಇಂಗ್ಲೆಂಡಿನಲ್ಲಿ ಇದರ ಹೆಸರು ಡ್ರೈವ್‌ಅವೇ ಆನಿಂಗ್. ಮಕ್ಕಳು ಅದರೊಳಗೆ ಮಲಗಬಹುದು, ಚಪ್ಪಲಿ, ಸೈಕಲ್ಲು ಇಡಬಹುದು. ಆದರೆ ನಿಲ್ಲಿಸಲು ಮುಕ್ಕಾಲು ಗಂಟೆ ಬೇಕು, ಒದ್ದೆಯಾದರೆ ಒಣಗಿಸುವ ಪಾಡು ಬೇರೆ. ಒಂದು ರಾತ್ರಿಯ ತಂಗುದಾಣಕ್ಕೆ ಇದನ್ನು ಹೊತ್ತೊಯ್ದವರು ಎರಡನೆಯ ಸಲ ಅದನ್ನು ಚೀಲದಿಂದ ಹೊರಗೆ ತೆಗೆಯುವುದಿಲ್ಲ.

ನಡುವೆ ಮೂರನೆಯ ದಾರಿಯೂ ಇದೆ: ಸುರುಳಿ ಆನಿಂಗ್‌ಗೆ ಸುತ್ತ ಗೋಡೆ ಕಟ್ಟುವ ಪರದೆಗಳು. ಆ ಪರದೆಗಳನ್ನು ನಿಮ್ಮ ಆನಿಂಗ್‌ನ ಕಂಪನಿ, ಮಾದರಿ, ಉದ್ದ, ಗಾಡಿಯ ಎತ್ತರ ಎಲ್ಲಕ್ಕೂ ಹೊಂದಿಸಿಯೇ ಕೊಳ್ಳಬೇಕು. ಒಬ್ಬರದು ಇನ್ನೊಬ್ಬರಿಗೆ ಕೂರುವುದಿಲ್ಲ.

ಅಳತೆ ಮತ್ತು ತೂಕ

ಟೇಪು ಹಿಡಿದು ಗಾಡಿಯ ಪಕ್ಕ ನಿಲ್ಲಿ. ಬಾಗಿಲು ಪೂರ್ತಿ ತೆರೆದಾಗ ಅದರ ಮೇಲಂಚು ಬಟ್ಟೆಗೆ ತಾಗುತ್ತದೆಯೇ? ಮೇಲಕ್ಕೆ ತೆರೆಯುವ ಕಿಟಕಿ ಆನಿಂಗ್‌ನ ಕಾಲಿಗೆ ಬಡಿಯುತ್ತದೆಯೇ? ಮಾಡಿನ ಗವಾಕ್ಷಿಗೆ ಪೆಟ್ಟಿಗೆ ಅಡ್ಡ ಬರುತ್ತದೆಯೇ? ಇವಿಷ್ಟು ನೋಡಿದ ಮೇಲೆಯೇ ಉದ್ದ ನಿರ್ಧರಿಸಿ. ಹೆಚ್ಚಿನವು ಗಾಡಿಯಿಂದ ಹೊರಕ್ಕೆ ಎರಡೂವರೆ ಮೀಟರ್ ಚಾಚುತ್ತವೆ. ನಾಲ್ಕು ಜನ ಮೇಜು ಹಾಕಿ ಕೂರಲು ಮೂರರಿಂದ ಮೂರೂವರೆ ಮೀಟರ್ ಉದ್ದ ಧಾರಾಳ. ಅದಕ್ಕಿಂತ ಉದ್ದದ್ದಕ್ಕೆ ಆಸೆಪಡುವವರಿಗೆ ನನ್ನ ಸಲಹೆ: ಬೇಡ. ಬಟ್ಟೆ ದೊಡ್ಡದಾದಷ್ಟೂ ಗಾಳಿಗೆ ಸಿಗುವ ಮೈ ದೊಡ್ಡದು, ಗಾಡಿಗೆ ಭಾರವೂ ಹೆಚ್ಚು.

ಭಾರದ ಮಾತು ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ನಾಲ್ಕು ಮೀಟರಿನ ಆನಿಂಗ್ ಸುಮಾರು 25ರಿಂದ 35 ಕೆ.ಜಿ. ತೂಗುತ್ತದೆ. ಯುರೋಪಿನ ಬಹಳಷ್ಟು ಮೋಟರ್‌ಹೋಮ್‌ಗಳ ಒಟ್ಟು ತೂಕದ ಮಿತಿ 3,500 ಕೆ.ಜಿ. ನೀರು, ಗ್ಯಾಸ್ ಸಿಲಿಂಡರ್, ಐದು ಜನ, ಅಕ್ಕಿಮೂಟೆ, ಕುಕ್ಕರ್ ಸೇರಿದರೆ ಆ ಮಿತಿ ಬೇಗ ಮುಟ್ಟುತ್ತದೆ. ಆನಿಂಗ್ ಹಾಕಿಸಿದ ಮೇಲೆ ಒಮ್ಮೆ ತುಂಬಿದ ಗಾಡಿಯನ್ನು ತೂಕದ ಕಟ್ಟೆಗೆ ಒಯ್ಯಿರಿ.

ಕೂರಿಸುವ ಕೆಲಸ ಬಲ್ಲವರಿಗೆ ಬಿಡಿ. ಗೋಡೆಯೊಳಗೆ ಆಧಾರ ಎಲ್ಲಿದೆ ಎಂದು ತಿಳಿಯದೆ ತೂತು ಕೊರೆದರೆ ಆನಿಂಗ್ ಸಡಿಲವಾಗುವುದರ ಜೊತೆಗೆ ತೂತಿನಿಂದ ನೀರು ಇಳಿದು ಗೋಡೆಯೂ ಒಳಗೇ ಕೊಳೆಯುತ್ತದೆ. ಫಿಯಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್‌ಗಳಿಗೆ ಹೊಂದುವ ಪ್ರತ್ಯೇಕ ಬ್ರ್ಯಾಕೆಟ್‌ಗಳೇ ಸಿಗುತ್ತವೆ.

ಡೇರೆ ಮಾದರಿ ಕೊಳ್ಳುವವರು ನೆಲದಿಂದ ಗಾಡಿಯ ಚಾನೆಲ್‌ವರೆಗಿನ, ಅಂದರೆ ಡೇರೆಯ ಅಂಚು ತೂರಿಸುವ ಸೀಳುಪಟ್ಟಿಯವರೆಗಿನ, ಎತ್ತರ ಅಳೆಯಬೇಕು, ಡೇರೆಯ ಮೇಲೆ ಬರೆದ ಎತ್ತರದ ವ್ಯಾಪ್ತಿಯೊಳಗೆ ಅದು ಬರಬೇಕು. ಚಾನೆಲ್ಲಿಗೆ ಸೇರಿಸುವ ದಾರದಂಥ ಅಂಚು 4 ಮತ್ತು 6 ಮಿ.ಮೀ. ಎರಡು ದಪ್ಪದಲ್ಲಿ ಬರುತ್ತದೆ. ನಿಮ್ಮ ಚಾನೆಲ್ಲಿಗೆ ಯಾವುದು ಎಂದು ನೋಡಿ ತನ್ನಿ.

ಬಟ್ಟೆ ಎರಡು ಬಗೆ. ವಿನೈಲ್ ಅಥವಾ ಪಿವಿಸಿ ಲೇಪದ ಬಟ್ಟೆಯಲ್ಲಿ ನೀರು ಇಳಿಯುವುದಿಲ್ಲ, ಒರೆಸಿದರೆ ಶುಚಿ. ಆದರೆ ಒದ್ದೆಯಾಗಿ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ. ಅಕ್ರಿಲಿಕ್ ನೇಯ್ಗೆಯದು ಗಾಳಿಯಾಡುತ್ತದೆ, ಕೆಳಗೆ ಸೆಕೆ ಕಡಿಮೆ, ಬೇಗ ಒಣಗುತ್ತದೆ. ಜೋರು ಮಳೆಯಲ್ಲಿ ಕೆಳಗಿನಿಂದ ಕೈ ತಾಗಿಸಿದಲ್ಲಿ ಜಿನುಗಬಹುದು. ಇಂಗ್ಲೆಂಡಿನ ಮಳೆಗೆ ಮೊದಲನೆಯದು, ಅರಿಜೋನಾದ ಬಿಸಿಲಿಗೆ ಎರಡನೆಯದು.

ಗಾಡಿ ನಿಲ್ಲಿಸುವಾಗಲೇ ನೆರಳಿನ ಯೋಚನೆ

ಆನಿಂಗ್ ಇರುವುದು ಬಾಗಿಲಿನ ಕಡೆ. ಬಲಬದಿಯಲ್ಲಿ ಗಾಡಿ ಓಡಿಸುವ ಜರ್ಮನಿ, ಫ್ರಾನ್ಸ್, ಅಮೆರಿಕಗಳಲ್ಲಿ ಅದು ಸಾಮಾನ್ಯವಾಗಿ ಗಾಡಿಯ ಬಲಕ್ಕೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಎಡಕ್ಕೆ. ಯುರೋಪ್ ಅಥವಾ ಅಮೆರಿಕದಲ್ಲಿ ಸೂರ್ಯ ಮಧ್ಯಾಹ್ನ ದಕ್ಷಿಣದಲ್ಲಿರುತ್ತಾನೆ, ಆದ್ದರಿಂದ ಆನಿಂಗ್ ಉತ್ತರಕ್ಕಿದ್ದರೆ ತಂಪು. ಆನಿಂಗ್ ಬಲಕ್ಕಿದ್ದರೆ ಗಾಡಿಯ ಮೂತಿ ಪಶ್ಚಿಮಕ್ಕೆ ಮಾಡಿ ನಿಲ್ಲಿಸಿ. ಆಸ್ಟ್ರೇಲಿಯಾದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ, ಆನಿಂಗ್ ಎಡಕ್ಕೆ. ಅಲ್ಲಿಯೂ ಮೂತಿ ಪಶ್ಚಿಮಕ್ಕಿದ್ದರೆ ನೆರಳಿನ ಬದಿ ಸಿಗುತ್ತದೆ. ಸಂಜೆಯ ಇಳಿಬಿಸಿಲೇ ತೊಂದರೆ ಎನ್ನುವವರು ಆನಿಂಗ್ ಪೂರ್ವಕ್ಕೆ ಬರುವಂತೆ ನಿಲ್ಲಿಸಲಿ. ಗಾಡಿಯೇ ಅಡ್ಡ ನಿಂತು ನೆರಳು ಕೊಡುತ್ತದೆ.

ಗಾಳಿ ಬೀಸುವ ದಿಕ್ಕು ಇದಕ್ಕಿಂತ ಮುಖ್ಯ. ಗಾಡಿಯ ಮರೆಯಲ್ಲಿ ಆನಿಂಗ್ ಬರಬೇಕು, ಗಾಳಿ ಅದರ ಬಾಯಿಗೆ ನೇರ ನುಗ್ಗಬಾರದು. ಮರದ ಕೆಳಗೆ ನಿಲ್ಲಿಸಿದರೆ ಅಂಟು, ಹಕ್ಕಿಯ ಹಿಕ್ಕೆ ಬಟ್ಟೆಯ ಪಾಲು. ಆಸ್ಟ್ರೇಲಿಯಾದ ನೀಲಗಿರಿ ಜಾತಿಯ ದೊಡ್ಡ ಮರಗಳು ಗಾಳಿಯಿಲ್ಲದ ದಿನವೂ ಇದ್ದಕ್ಕಿದ್ದಂತೆ ಭಾರಿ ಕೊಂಬೆ ಉದುರಿಸುತ್ತವೆ. ಅವುಗಳ ಕೆಳಗೆ ಬಿಡಾರ ಬೇಡವೇ ಬೇಡ.

ಬಿಚ್ಚುವ ಕ್ರಮ

ಮೊದಲು ಗಾಡಿ ಸಮತಟ್ಟಾಗಿ ನಿಂತಿದೆಯೇ, ಹ್ಯಾಂಡ್‌ಬ್ರೇಕ್ ಹಾಕಿದೆಯೇ ನೋಡಿ. ಬಾಗಿಲು ಮುಚ್ಚಿ. ಹಿಡಿಯ ಕೊಕ್ಕೆಯನ್ನು ಪೆಟ್ಟಿಗೆಯ ಬಳೆಗೆ ಸಿಕ್ಕಿಸಿ, ಓರೆಯಾಗಿ ಎಳೆಯದೆ ನಿಧಾನವಾಗಿ ತಿರುಗಿಸಿ. ಸುಮಾರು ಒಂದು ಮೀಟರ್ ಹೊರಬಂದ ಕೂಡಲೇ ನಿಲ್ಲಿಸಿ. ಮುಂದಿನ ಪಟ್ಟಿಯೊಳಗೆ ಮಡಚಿಕೊಂಡಿರುವ ಎರಡು ಕಾಲುಗಳನ್ನು ಕೆಳಗಿಳಿಸಿ, ನೆಲಕ್ಕೆ ತಾಗುವಷ್ಟು ಉದ್ದ ಮಾಡಿ ಬಿಗಿ ಮಾಡಿ. ಆಮೇಲೆ ಉಳಿದದ್ದನ್ನು ಬಿಚ್ಚುತ್ತಾ ಕಾಲುಗಳನ್ನು ಜೊತೆಯಲ್ಲೇ ಮುಂದಕ್ಕೆ ಸರಿಸಿ. ಇಬ್ಬರಿದ್ದರೆ ಒಬ್ಬರು ಹಿಡಿಗೆ, ಒಬ್ಬರು ಕಾಲಿಗೆ. ಕಾಲಿಳಿಸದೆ ಪೂರ್ತಿ ಬಿಚ್ಚಿದರೆ ಎಲ್ಲ ಭಾರ ಬಟ್ಟೆಯನ್ನು ಚಾಚಿ ಹಿಡಿಯುವ ಮಡಚು ಕೈಗಳ ಮೇಲೆ ಬಿದ್ದು ಅವು ಬಾಗುತ್ತವೆ.

ಪೂರ್ತಿ ಬಂದ ಮೇಲೆ ಹಿಡಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಬಟ್ಟೆ ಬಿಗಿ ಮಾಡಿ. ಬಟ್ಟೆ ಸುರುಳಿಯ ಕೊನೆ ಮುಟ್ಟಿದ ಮೇಲೂ ಬಿಚ್ಚುವ ದಿಕ್ಕಿಗೇ ತಿರುಗಿಸುತ್ತಾ ಹೋದರೆ ಅದು ಉಲ್ಟಾ ಸುತ್ತಿಕೊಳ್ಳತೊಡಗುತ್ತದೆ. ಮೊದಲ ಸಲ ಬಳಸುವವರಲ್ಲಿ ಇದು ತೀರಾ ಸಾಮಾನ್ಯ. 12 ವೋಲ್ಟಿನ ಮೋಟರ್ ಇರುವವುಗಳಲ್ಲಿ ಗುಂಡಿ ಒತ್ತಿದರೆ ಸಾಕು, ಆದರೆ ಬ್ಯಾಟರಿ ಕೈಕೊಟ್ಟಾಗ ಕೈಯಿಂದ ಮಡಚುವ ವಿಧಾನವನ್ನು ಹೊರಡುವ ಮೊದಲೇ ಮಾಡಿ ನೋಡಿಕೊಳ್ಳಿ. ಬಾಡಿಗೆ ಗಾಡಿಯಾದರೆ ಕೀಲಿ ಕೊಡುವವರ ಎದುರಿಗೇ ಒಮ್ಮೆ ಬಿಚ್ಚಿ ಮಡಚಿ, ಹರಿದಿದ್ದರೆ ಫೋಟೊ ತೆಗೆದಿಡಿ. ಆನಿಂಗ್‌ಗೆ ಆದ ಹಾನಿ ವಿಮೆಯೊಳಗೆ ಬರುತ್ತದೆಯೇ ಎಂದು ಆಗಲೇ ಕೇಳಿ.

ಕಾಲುಗಳನ್ನು ಗೂಟ ಹೊಡೆದು ನಿಲ್ಲಿಸಬೇಕು. ಗೂಟ ಓರೆಯಾಗಿ, ತಲೆ ಆನಿಂಗ್‌ನಿಂದ ಆಚೆಗೆ ಬಾಗಿರಲಿ. ಮರಳಿಗೆ ಅಗಲವಾದ ಗೂಟ, ಗಟ್ಟಿ ನೆಲಕ್ಕೆ ತಿರುಪಿನ ಗೂಟ. ಹೊಡೆಯುವ ಮುಂಚೆ ಕ್ಯಾಂಪ್‌ಸೈಟ್‌ನವರನ್ನು ಕೇಳಿ, ಕೆಳಗೆ ಕರೆಂಟಿನ ಕೇಬಲ್ಲೋ ನೀರಿನ ಪೈಪೋ ಇರಬಹುದು. ಕಾಂಕ್ರೀಟ್ ನೆಲವಾದರೆ ಹಲವು ಮಾದರಿಗಳಲ್ಲಿ ಕಾಲನ್ನು ಗಾಡಿಯ ಗೋಡೆಗೇ ಸಿಕ್ಕಿಸುವ ಅನುಕೂಲವಿದೆ.

ಗಾಳಿ, ಮಳೆ

ಗಾಳಿಯ ವೇಗ ಇಮ್ಮಡಿಯಾದರೆ ಬಟ್ಟೆಯ ಮೇಲಿನ ಒತ್ತಡ ನಾಲ್ಮಡಿಯಾಗುತ್ತದೆ. ಹತ್ತು ನಿಮಿಷದ ಹಿಂದೆ ಹಿತವಾಗಿದ್ದ ಗಾಳಿ ಆನಿಂಗನ್ನು ಗಾಡಿಯ ಮೇಲಕ್ಕೆ ಮಗುಚಿ ಹಾಕುವುದು ಹೀಗೆ. ಅಳೆಯಲು ಯಂತ್ರ ಬೇಡ, ಸುತ್ತ ನೋಡಿದರೆ ಸಾಕು. ದೂಳು, ಕಾಗದದ ಚೂರು ಹಾರುತ್ತಿದ್ದರೆ ಗಾಳಿ ಗಂಟೆಗೆ 20ರಿಂದ 28 ಕಿ.ಮೀ. ಇದೆ; ಆಗಲೇ ಎದ್ದು ನಿಲ್ಲಿ. ಚಿಕ್ಕ ಗಿಡಗಳು ಬುಡಸಹಿತ ಓಲಾಡತೊಡಗಿದರೆ 29 ದಾಟಿದೆ. ಆ ಹೊತ್ತಿಗೆ ಬಟ್ಟೆ ಪೆಟ್ಟಿಗೆಯೊಳಗೆ ಇರಬೇಕು. ಬಟ್ಟೆಯ ಮೇಲಿಂದ ನೆಲಕ್ಕೆ ಬಿಗಿಯುವ ಗಾಳಿಪಟ್ಟಿ ಕಟ್ಟಿದ್ದೇವೆ ಎಂಬ ಧೈರ್ಯ ಬೇಡ. ಆ ಪಟ್ಟಿ ಇರುವುದು ಸಣ್ಣ ರಭಸಗಳಿಗೆ ಬಟ್ಟೆ ಹಾರದಂತೆ ಹಿಡಿಯಲು, ಬಿರುಗಾಳಿಯನ್ನು ಎದುರಿಸಲಲ್ಲ. ಮೋಟರಿನ ಆನಿಂಗ್‌ಗಳಲ್ಲಿ ಗಾಳಿ ಬಂದರೆ ತಾನೇ ಮಡಚಿಕೊಳ್ಳುವ ಸೆನ್ಸರ್ ಇರುವುದುಂಟು. ಅದನ್ನು ನಂಬಿ ಬಿಚ್ಚಿಟ್ಟು ಊರು ಸುತ್ತಲು ಹೋಗಬೇಡಿ. ಕಾಲುಗಳಿಗೆ ನೆಲದಲ್ಲಿ ಗೂಟ ಹೊಡೆದಿದ್ದರೆ ಅದು ಮಡಚುವುದಾದರೂ ಹೇಗೆ?

ಮಳೆಯ ಲೆಕ್ಕ ಇನ್ನೂ ನೇರ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ನಾಲ್ಕು ಮೀಟರ್ ಉದ್ದ, ಎರಡೂವರೆ ಮೀಟರ್ ಚಾಚಿನ ಬಟ್ಟೆ ಹತ್ತು ಚದರ ಮೀಟರ್. 10 ಮಿ.ಮೀ. ಮಳೆ ಬಿದ್ದು ನೀರು ಹರಿಯದೆ ನಿಂತರೆ ನೂರು ಕೆ.ಜಿ. ಭಾರ. ಆದ್ದರಿಂದ ಬಿಚ್ಚಿದ ಕೂಡಲೇ ಒಂದು ಕಾಲನ್ನು ಇನ್ನೊಂದಕ್ಕಿಂತ ಚೆನ್ನಾಗಿ ತಗ್ಗಿಸಿ, ನೀರು ಒಂದು ಮೂಲೆಗೆ ಹರಿಯಲಿ. ತಗ್ಗಿದ ಮೂಲೆ ಬಾಗಿಲಿನಿಂದ ದೂರದ್ದಾಗಿರಲಿ. ಮಧ್ಯದಲ್ಲಿ ಅಡ್ಡಕೋಲು ಕೊಟ್ಟರೆ ಬಟ್ಟೆ ಜೋಲು ಬೀಳುವುದಿಲ್ಲ.

ಮಲಗುವ ಮೊದಲು ಮಡಚಿ. ಸ್ವಲ್ಪ ಹೊತ್ತು ಹೊರಗೆ ಹೋಗುವಾಗಲೂ ಮಡಚಿ. ಆಕಾಶ ಎಷ್ಟೇ ತಿಳಿಯಾಗಿರಲಿ.

ಒಲೆ, ಹೊಗೆ, ಗ್ಯಾಸು

ಆನಿಂಗ್ ಕೆಳಗೆ ದೋಸೆ ಹುಯ್ಯುವುದು ಸುಖವೇ. ಒಲೆಯನ್ನು ಹೊರ ಅಂಚಿಗೆ, ಬಟ್ಟೆಯಿಂದ ಆದಷ್ಟು ದೂರ ಇಟ್ಟುಕೊಳ್ಳಿ. ಎಣ್ಣೆ ಕಾಯಿಸಿ ಕರಿಯುವುದನ್ನು ಬಯಲಿನಲ್ಲೇ ಮಾಡಿ. ಬಟ್ಟೆ ಯಾವ ಬಗೆಯದಾದರೂ ಕೃತಕವೇ, ಬೆಂಕಿ ತಾಗಿದರೆ ಕರಗಿ ತೊಟ್ಟಿಕ್ಕುತ್ತದೆ.

ಸುತ್ತ ಪರದೆ ಕಟ್ಟಿದ ಆನಿಂಗ್‌ನೊಳಗೆ ಒಲೆ, ಇದ್ದಿಲು, ಬಾರ್ಬೆಕ್ಯೂ ಯಾವುದೂ ಬೇಡ. ಆರಿದಂತೆ ಕಾಣುವ ಇದ್ದಿಲು ಕೂಡ ಗಂಟೆಗಟ್ಟಲೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಚಳಿಗೆಂದು ಬಾರ್ಬೆಕ್ಯೂ ಡೇರೆಯೊಳಗೆ ತಂದುಕೊಂಡು ಸತ್ತವರಿದ್ದಾರೆ. ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದಿಲ್ಲ: ಗಾಡಿಯ ಹೀಟರಿನ ಹೊಗೆ ಹೊರಬರುವ ತೂತು ಹಲವು ಮಾದರಿಗಳಲ್ಲಿ ಗೋಡೆಯ ಪಕ್ಕದಲ್ಲೇ ಇರುತ್ತದೆ. ಅದು ಪರದೆಯೊಳಗೆ ಬಂದರೆ ಹೊಗೆ ನಿಮ್ಮ ಡೇರೆಗೇ ತುಂಬುತ್ತದೆ. ಯಾರಾದರೂ ಡೇರೆಯಲ್ಲಿ ಮಲಗುವುದಿದ್ದರೆ ಅಲ್ಲೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಎಲ್ಲಿ ಬಿಚ್ಚಬಾರದು

ನಿಲ್ಲಿಸಲು ಅನುಮತಿ ಇದೆ ಎಂದರೆ ಬಿಚ್ಚಲೂ ಅನುಮತಿ ಇದೆ ಎಂದಲ್ಲ. ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ ಮೋಟರ್‌ಹೋಮ್‌ಗಳಿಗೆಂದೇ ರಾತ್ರಿ ತಂಗುವ ಪಾರ್ಕಿಂಗ್ ಜಾಗಗಳಿವೆ. ಅಲ್ಲಿ ಹಲವೆಡೆ ಒಳಗೆ ಮಲಗುವುದು ಪಾರ್ಕಿಂಗ್, ಆನಿಂಗ್ ಚಾಚಿ ಕುರ್ಚಿ ಹಾಕಿದರೆ ಅದು ಕ್ಯಾಂಪಿಂಗ್, ದಂಡ ಬೀಳಬಹುದು. ಅಮೆರಿಕದಲ್ಲಿ ಅಂಗಡಿಗಳ ಪಾರ್ಕಿಂಗ್‌ನಲ್ಲಿ ರಾತ್ರಿ ಕಳೆಯುವವರೂ ಆನಿಂಗ್ ಬಿಚ್ಚುವುದಿಲ್ಲ. ಯೆಲ್ಲೊಸ್ಟೋನ್‌ನಂಥ ಕರಡಿಗಳ ನಾಡಿನಲ್ಲಿ ಬಿಚ್ಚಬಹುದು, ಆದರೆ ಅದರ ಕೆಳಗೆ ಆಹಾರ, ಪಾತ್ರೆ, ಕಸ ಯಾವುದನ್ನೂ ಬಿಟ್ಟು ಹೋಗುವಂತಿಲ್ಲ.

ಹೊರಡುವ ಬೆಳಿಗ್ಗೆ

ಮೃದು ಪೊರಕೆಯಿಂದ ಮೇಲಿನ ಎಲೆ, ಕಡ್ಡಿ ಗುಡಿಸಿ. ಕಲೆಯಿದ್ದರೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಬ್ರಷ್ಷು ಸಾಕು, ಥಿನ್ನರ್ ಹಚ್ಚಬೇಡಿ. ಕೀಲುಗಳಿಗೆ ಎಣ್ಣೆ ಬಿಟ್ಟರೆ ದೂಳು ಅಂಟುತ್ತದೆ, ಸಿಲಿಕೋನ್ ಸ್ಪ್ರೇ ಒಳ್ಳೆಯದು. ಮಡಚುವುದು ಬಿಚ್ಚಿದ್ದರ ತಿರುವುಮುರುವು: ಒಂದು ಮೀಟರ್ ಉಳಿದಾಗ ನಿಲ್ಲಿಸಿ, ಕಾಲು ಮಡಚಿ ಸಿಕ್ಕಿಸಿ, ಆಮೇಲೆ ಪೂರ್ತಿ ಸುತ್ತಿ. ಬಟ್ಟೆ ಒಂದು ಕಡೆಗೆ ಸರಿದು ಸುತ್ತಿಕೊಳ್ಳುತ್ತಿದ್ದರೆ ಬಲವಂತ ಮಾಡದೆ ಮತ್ತೆ ಬಿಚ್ಚಿ ನೇರ ಮಾಡಿ.

ಪೆಟ್ಟಿಗೆ ಎರಡೂ ತುದಿಯಲ್ಲಿ ಪೂರ್ತಿ ಮುಚ್ಚಿದೆಯೇ, ಗಾಡಿಯ ಗೋಡೆಗೆ ಒರಗಿ ಮಡಚಿಕೊಳ್ಳುವ ಕೈಗಳಿರುವ ಅಮೆರಿಕದ ಮಾದರಿಯಾದರೆ ಆ ಕೈಗಳ ಲಾಕ್ ಬಿದ್ದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಅರ್ಧ ಮುಚ್ಚಿದ ಆನಿಂಗ್ ಹೆದ್ದಾರಿಯ ಅಡ್ಡಗಾಳಿಗೆ ಬಿಚ್ಚಿಕೊಂಡರೆ ಹಿಂದಿನವರ ಪ್ರಾಣಕ್ಕೆ ಕುತ್ತು. ಮಳೆಯಲ್ಲೇ ಹೊರಡಬೇಕಾಗಿ ಬಂದು ಬಟ್ಟೆ ಒದ್ದೆಯಾಗಿ ಸುತ್ತಿದ್ದರೆ, ಮಾರನೆಯ ದಿನ ಬಿಸಿಲು ಕಂಡ ಮೊದಲ ನಿಲ್ದಾಣದಲ್ಲಿ, ಬಿಚ್ಚಲು ಅನುಮತಿ ಇರುವಲ್ಲಿ, ಚಾಚಿ ಒಣಗಿಸಿ. ಎರಡು ದಿನ ದಾಟಿದರೆ ಬೂಷ್ಟಿನ ಕಪ್ಪು ಚುಕ್ಕೆ ಕೂರುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.