ಬೋರ್ಡೋ ಹೊಡೆಯಲು ಯಾವ ದಿನ? ಮಳೆ ಡೈರಿಯಿಂದ ಸಂಭವನೀಯತೆ ಕಲಿತ ನನ್ನ ಅನುಭವ

ಅಡಿಕೆ ತೋಟದವರಿಗೆ ಮಳೆಗಾಲದಲ್ಲಿ ತಲೆ ತಿನ್ನುವ ಪ್ರಶ್ನೆ ಒಂದೇ. ಎರಡನೇ ಸುತ್ತಿನ ಔಷಧಿ ಯಾವತ್ತು ಹೊಡೆಸುವುದು? ಮೊದಲ ಸುತ್ತು ಮಳೆ ಹಿಡಿಯುವ ಮುಂಚೆಯೇ ಮುಗಿದಿರುತ್ತದೆ. 40-45 ದಿನ ಕಳೆದ ಮೇಲೆ ಮತ್ತೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಬೀಳದಿದ್ದರೆ ಕಾಯಿ ಕೊಳೆತು ಉದುರುವ ಕೊಳೆರೋಗದ ಭಯ. ಆ ಹೊತ್ತಿಗೆ ಸರಿಯಾಗಿ ಪುನರ್ವಸು, ಪುಷ್ಯ ಮಳೆ ಜಡಿಯುತ್ತಿರುತ್ತದೆ. ಒದ್ದೆಯಾದ ಅಡಿಕೆ ಗೊನೆಗೆ ಔಷಧಿ ಹಿಡಿಯುವುದಿಲ್ಲ. ಜಾರುವ ಮರ ಹತ್ತಲು ಯಾರೂ ಒಪ್ಪುವುದಿಲ್ಲ. ಒಂದೆರಡು ದಿನದ ಹೊಳವು, ಅಂದರೆ ಮಳೆ ಬಿಡುವು, ಬೇಕೇ ಬೇಕು.

ನಮ್ಮ ಮನೆಯಲ್ಲಿ ಮಳೆ ಅಳೆದು ಬರೆದಿಡುವ ರೂಢಿ ಹಳೆಯದು. ಅಪ್ಪ ಇಂಚು-ಸೆಂಟ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತಿದ್ದರು. ನಾನು ಅದನ್ನೆಲ್ಲ ಮಿಲಿಮೀಟರ್‌ಗೆ ತಿರುಗಿಸಿ ಒಂದೇ ಪುಸ್ತಕಕ್ಕೆ ಇಳಿಸಿದೆ (ಒಂದು ಇಂಚು ಅಂದರೆ 25.4 ಮಿಮೀ). ಅಳೆಯುವುದು ಬೆಳಿಗ್ಗೆ 8.30ಕ್ಕೆ. ಹವಾಮಾನ ಇಲಾಖೆಯದ್ದೂ ಅದೇ ಸಮಯ. ಇವತ್ತು ಬೆಳಿಗ್ಗೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಹಾಗಾಗಿ ಇವತ್ತು ಹೊಡೆದ ಔಷಧಿಗೆ ಮಳೆ ಸಿಕ್ಕಿತೋ ಇಲ್ಲವೋ ಎಂದು ತಿಳಿಯಲು ನಾಳೆ ಬೆಳಗಿನ ಅಂಕಿಯನ್ನೇ ನೋಡಬೇಕು. ಸಣ್ಣ ವಿಷಯ, ಆದರೆ ಇಲ್ಲಿ ಒಂದು ಸಾಲು ಆಚೀಚೆ ಆದರೆ ಮುಂದಿನ ಲೆಕ್ಕವೆಲ್ಲ ಬುಡಮೇಲು.

ಮೊದಲು ಎಲ್ಲರ ಹಾಗೆ ಸರಾಸರಿ ತೆಗೆದೆ. ಅದು ಈ ಕೆಲಸಕ್ಕೆ ಬರುವುದಿಲ್ಲ ಎಂದು ಬೇಗ ಗೊತ್ತಾಯಿತು. ಐದು ದಿನದ ಮಳೆ 4, 0, 7, 2, 92 ಮಿಮೀ ಎಂದಿಟ್ಟುಕೊಳ್ಳಿ. ಸರಾಸರಿ 21. ಅಷ್ಟು ಮಳೆ ಆ ಐದರಲ್ಲಿ ಯಾವ ದಿನವೂ ಬಿದ್ದಿಲ್ಲ! ಸಾಲಾಗಿ ಜೋಡಿಸಿ ನಡುವಿನ ಅಂಕಿ, ಅಂದರೆ ಮಧ್ಯಾಂಕ ನೋಡಿದರೆ 4. ದಿನದ ಮಳೆಗೆ ಮಧ್ಯಾಂಕವೇ ಜಾಸ್ತಿ ನಿಜ ಹೇಳುತ್ತದೆ. ಕೆರೆಗೆ ಎಷ್ಟು ನೀರು ಬಂತು ಎಂಬ ಲೆಕ್ಕಕ್ಕಾದರೆ ಸರಾಸರಿಯೇ ಬೇಕು, ಅದು ಬೇರೆ ಮಾತು.

ನನಗೆ ಬೇಕಾಗಿದ್ದು ಎಷ್ಟು ಮಳೆ ಎಂಬುದಲ್ಲ, ಮಳೆ ಇದೆಯೋ ಇಲ್ಲವೋ ಎಂಬುದು. ಹವಾಮಾನ ಇಲಾಖೆ 2.5 ಮಿಮೀ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ 'ಮಳೆ ದಿನ' ಎನ್ನುತ್ತದೆ. ಅದೇ ಗೆರೆ ಇಟ್ಟುಕೊಂಡು ಪ್ರತಿ ದಿನದ ಪಕ್ಕ 'ಮ' ಅಥವಾ 'ಹೊ' ಎಂದು ಬರೆದೆ. ಆಮೇಲೆ ಬರೀ ಎಣಿಕೆ. ತಿಂಗಳ ಬದಲು ಮಳೆ ನಕ್ಷತ್ರಗಳ ಪ್ರಕಾರ ಭಾಗ ಮಾಡಿಕೊಂಡೆ. ಒಂದೊಂದೂ 13-14 ದಿನ, ಅಳತೆ ಚೆನ್ನಾಗಿದೆ. ಇದರಲ್ಲಿ ನಂಬಿಕೆಯ ಪ್ರಶ್ನೆ ಇಲ್ಲ, ಸುಮ್ನೆ ಅನುಕೂಲ.

ಈಗ ಮುಖ್ಯ ವಿಷಯ. ಪುಷ್ಯ ಮಳೆಯಲ್ಲಿ ಯಾವುದೋ ಒಂದು ದಿನ ಹೊಳವಾಗುವ ಸಂಭವ 20% ಎಂದಿರಲಿ. ಸುಲಭಕ್ಕೆ ತೆಗೆದುಕೊಂಡ ಅಂಕಿ ಇದು. ಮೂರು ದಿನ ಸತತ ಹೊಳವು ಸಿಗುವ ಸಂಭವ ಎಷ್ಟು? ಪಿಯುಸಿಯಲ್ಲಿ ನಾಣ್ಯ ಚಿಮ್ಮಿದ ನೆನಪಲ್ಲಿ 0.2 × 0.2 × 0.2 ಎಂದು ಗುಣಿಸಿದರೆ 0.008. ನೂರಕ್ಕೆ ಒಂದೂ ಇಲ್ಲ. ಹಾಗಾದರೆ ಯಾರೂ ಎರಡನೇ ಔಷಧಿ ಹೊಡೆಸುವಂತೆಯೇ ಇಲ್ಲ, ಅಲ್ವಾ? ಆದರೆ ಹೊಡೆಸುತ್ತಾರೆ. ಯಾಕೆಂದರೆ ಮಳೆ ನಾಣ್ಯವಲ್ಲ. ಇವತ್ತು ಹೊಳವಾದರೆ ನಾಳೆಯೂ ಹೊಳವಾಗುವ ಸಂಭವ ಜಾಸ್ತಿ. ಅದು 60% ಎಂದಾದರೆ 0.2 × 0.6 × 0.6 = 0.072. ಒಂಬತ್ತು ಪಟ್ಟು ವ್ಯತ್ಯಾಸ! ಇನ್ನು ಮೊದಲ ದಿನದ ಹೊಳವು ಈಗಾಗಲೇ ಕಣ್ಣೆದುರು ಇದ್ದರೆ ಮುಂದಿನ ಎರಡು ದಿನದ ಲೆಕ್ಕ 0.6 × 0.6, ಅಂದರೆ 36%. ಪುಸ್ತಕದಲ್ಲಿ ಷರತ್ತುಬದ್ಧ ಸಂಭವನೀಯತೆ ಎಂದು ಬೆದರಿಸುತ್ತಾರಲ್ಲ, ಅದು ಇಷ್ಟೇ: ಇವತ್ತಿನ ಹಾಗೇ ಇದ್ದ ದಿನಗಳನ್ನು ಮಾತ್ರ ಆರಿಸಿ, ಅವುಗಳ ಮರುದಿನ ಏನಾಯಿತು ಎಂದು ಎಣಿಸಿ.

ಆರಿಸುತ್ತಾ ಹೋದ ಹಾಗೆ ಲೆಕ್ಕಕ್ಕೆ ಸಿಗುವ ದಿನಗಳು ಕಡಿಮೆಯಾಗುತ್ತವೆ ಎಂಬುದು ಇದರ ತೊಂದರೆ. 25 ದಿನ ಸಿಕ್ಕು ಅದರಲ್ಲಿ ಅರ್ಧಕ್ಕೆ ಮರುದಿನ ಹೊಳವಾಗಿತ್ತು ಎನ್ನಿ. ಆ 50%ರ ಆಚೀಚೆ 10% ಓಲಾಟ ಸಾಮಾನ್ಯ, 20% ಕೂಡ ದೊಡ್ಡ ಆಶ್ಚರ್ಯವಲ್ಲ. ಓಲಾಟ ಅರ್ಧಕ್ಕೆ ಇಳಿಯಬೇಕಾದರೆ ಎರಡು ಪಟ್ಟು ದಾಖಲೆ ಸಾಲದು, ನಾಲ್ಕು ಪಟ್ಟು ಬೇಕು. ಅಪ್ಪನ ಹಳೇ ಪುಸ್ತಕಗಳಿಗೆ ಬೆಲೆ ಬಂದಿದ್ದು ಇಲ್ಲಿ.

ಫೋನಿನ ಮುನ್ಸೂಚನೆಯನ್ನೂ ಡೈರಿಯಲ್ಲಿ ಬರೆಯುತ್ತೇನೆ. 70% ಮಳೆ ಎಂದಿತ್ತು, ಬರಲಿಲ್ಲ, ಸುಳ್ಳು ಎಂದು ಊರಲ್ಲಿ ಬೈಯುವವರು ಬಹಳ. ಒಂದು ದಿನ ನೋಡಿ ಹಾಗೆ ಹೇಳಲು ಬರುವುದಿಲ್ಲ. 70% ಎಂದ ದಿನಗಳನ್ನೆಲ್ಲ ಒಟ್ಟು ಹಾಕಿ, ಹತ್ತರಲ್ಲಿ ಸುಮಾರು ಏಳು ದಿನ ಮಳೆ ಬಂದಿದ್ದರೆ ಅದು ಸರಿಯಾಗಿಯೇ ಹೇಳುತ್ತಿದೆ. ಆ ಮಳೆಯಿಲ್ಲದ ಮೂರು ದಿನವೂ ಅದರ ಲೆಕ್ಕದೊಳಗೇ ಇವೆ.

ಇಷ್ಟಾದರೂ ಸಂಭವ ಗೊತ್ತಾದ ಕೂಡಲೇ ತೀರ್ಮಾನ ಸಿಗುವುದಿಲ್ಲ. ಔಷಧಿ ತೊಳೆದುಹೋದರೆ ಮೈಲುತುತ್ತ, ಸುಣ್ಣ, ಕೂಲಿ ದಂಡ. ಅದನ್ನು ಒಂದು ಪಾಲು ಎನ್ನೋಣ. ಔಷಧಿ ನಿಲ್ಲುವಂಥ ದಿನವನ್ನು ಸುಮ್ನೆ ಬಿಟ್ಟು ಕೊಳೆ ಬಂದರೆ ನಷ್ಟ ಮೂರು ಪಾಲು ಎನ್ನೋಣ. ಆಗ ಹೊಳವು ನಿಲ್ಲುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ ಹೊಡೆಸುವುದೇ ಲಾಭ. ಮೊದಲ ಸುತ್ತಾಗಿ 30 ದಿನವಷ್ಟೇ ಆಗಿದ್ದರೆ ಬಿಟ್ಟದ್ದರ ನಷ್ಟ ಕಡಿಮೆ, ಹಾಗಾಗಿ ಒಳ್ಳೆಯ ಹೊಳವಿಗೆ ಕಾಯುತ್ತೇನೆ. 45 ದಾಟಿದರೆ 36% ಸಿಕ್ಕರೂ ಡ್ರಮ್‌ಗೆ ನೀರು ತುಂಬಿಸುತ್ತೇನೆ. ಪಕ್ಕದ ತೋಟದ ಅಣ್ಣ ಕೇಳುತ್ತಿರುತ್ತಾನೆ, "ಮಳೆ ಬರೋದೇ ಜಾಸ್ತಿ ಅಂತ ನಿನ್ನ ಲೆಕ್ಕವೇ ಹೇಳ್ತದೆ, ಮತ್ತೆ ಹೊಡೆಸ್ತೀಯಲ್ಲ ಮಾರಾಯ?" ಬರುವುದೇ ಜಾಸ್ತಿ, ನಿಜ. ಆದರೆ ಬಂದರೆ ಹೋಗುವುದು ಒಂದು ಪಾಲು.