ಒಂಟಿತನ ಬರೆಯುವ ಬಗೆ, ಹತಾಶೆ ಬರೆಯುವ ಬಗೆ

ಚಿತ್ರದಲ್ಲಿ ಅಳುವ ಮುಖ ಬರೆದರೆ ನೋವು ಬಂದಂತಲ್ಲ, ಪೋಸ್ಟರ್ ಆದಂತೆ. ಒಂಟಿತನ ಕಾಣಿಸುವುದು ಆಕೃತಿಯ ಸುತ್ತ ಬಿಟ್ಟ ಜಾಗದಲ್ಲಿ. ಹತಾಶೆಗೆ ಇದು ತಿರುವುಮುರುವು: ಅಲ್ಲಿ ಜಾಗವೇ ಉಳಿದಿರಬಾರದು. ಎರಡನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಒಂದೂ ದಕ್ಕುವುದಿಲ್ಲ.

ಜರ್ಮನಿಯ ಚಿತ್ರಕಾರ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ 1808–10ರಲ್ಲಿ ಬರೆದ ‘ಕಡಲ ತಡಿಯ ಸನ್ಯಾಸಿ’ಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಬರೀ ಆಕಾಶ. ಮೊದಲು ಬರೆದಿದ್ದ ಹಡಗುಗಳನ್ನು ಅವನೇ ಬಣ್ಣ ಬಳಿದು ಮುಚ್ಚಿದ. ಅವು ಇದ್ದಿದ್ದರೆ ನೋಡುವವರ ಕಣ್ಣಿಗೆ ತಂಗಲು ಒಂದು ತಾಣ ಸಿಗುತ್ತಿತ್ತು. ಪಿಕಾಸೊನ ‘ಮುದಿ ಗಿಟಾರ್ ವಾದಕ’ (1903–04) ಇನ್ನೊಂದು ದಾರಿ: ಮಡಚಿದ ಮೈ ಚೌಕಟ್ಟನ್ನೇ ತುಂಬಿದೆ, ಎಲ್ಲೆಲ್ಲೂ ನೀಲಿ, ಗಿಟಾರ್ ಮಾತ್ರ ಕಂದು.

ಒಂಟಿತನದಿಂದಲೇ ಶುರುಮಾಡಿ. ಎ3 ಹಾಳೆಯನ್ನು ಅಡ್ಡಲಾಗಿಟ್ಟು ದಿಗಂತವನ್ನು ಕೆಳಗಿನ ಕಾಲು ಭಾಗದಲ್ಲಿ ಎಳೆಯಿರಿ. ಆಕೃತಿ 3–4 ಸೆಂ.ಮೀ. ಸಾಕು, ನಟ್ಟನಡುವೆ ಬೇಡ. ಖಾಲಿ ಕಡೆಗೆ ಮುಖ ಮಾಡಿಸಿದರೆ ಯಾರಿಗೋ ಕಾಯುತ್ತಿರುವಂತೆ ಕಾಣುತ್ತದೆ; ಹತ್ತಿರದ ಅಂಚಿನತ್ತ ತಿರುಗಿಸಿದರೆ ಕಾಯುವುದನ್ನೂ ಬಿಟ್ಟಂತೆ. ಭುಜ ಮುಂದಕ್ಕೆ ಬಾಗಲಿ, ಕೈಗಳಿಗೆ ಕೆಲಸವಿರದಿರಲಿ. ಒಣಮರ, ಮುಳುಗುವ ಸೂರ್ಯ, ಒಂಟಿ ಹಕ್ಕಿ ಎಲ್ಲ ಬಿಟ್ಟುಬಿಡಿ.

ಅಕ್ರಿಲಿಕ್‌ನಲ್ಲಾದರೆ (ನೀರಿನಲ್ಲಿ ಕಲಸುವ, ಬೇಗ ಒಣಗುವ ಬಣ್ಣ) ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಎರಡು ಪಾಲು, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಒಂದು ಪಾಲು ಬೆರೆಸಿ. ತಣ್ಣನೆಯ ಗಾಢ ಬಣ್ಣ ಬರುತ್ತದೆ. ಇದಕ್ಕೆ ಬಿಳಿ ಸೇರಿಸುತ್ತ ನಾಲ್ಕೈದು ಬೂದು ಛಾಯೆ ಮಾಡಿಕೊಳ್ಳಿ. ಟ್ಯೂಬಿನ ಕಪ್ಪಿಗೆ ಬಿಳಿ ಬೆರೆಸಿದರೆ ಸಿಗುವ ಬೂದು ಸಿಮೆಂಟಿನಂತೆ ಸಪ್ಪೆ. ಅಕ್ರಿಲಿಕ್ ಒಣಗಿದಾಗ ತುಸು ಗಾಢವಾಗುವುದರಿಂದ ಪ್ರತಿ ಛಾಯೆಯನ್ನೂ ಚೂರು ಹಾಳೆಯ ಮೇಲೆ ಒಣಗಿಸಿ ನೋಡಿ. ಎಲ್ಲವನ್ನೂ ನೀಲಿ ಮಾಡಿದರೆ ಬೆಳದಿಂಗಳಾಗಿಬಿಡುತ್ತದೆ, ಚೆಂದವೂ ಆಗುತ್ತದೆ, ಅದೇ ತೊಂದರೆ. ಉಗುರಿನಷ್ಟು ಹಳದಿ ಓಕರ್ (ಮಣ್ಣು ಹಳದಿ) ಒಂದೇ ಕಡೆ ಇಡಿ, ಆಕೃತಿಗೆ ಎಟುಕದಷ್ಟು ದೂರದಲ್ಲಿ, ಕಿಟಕಿಯ ಬೆಳಕಿನಂತೆ. ಎರಡನೆಯದು ಬಂತೋ, ಅದು ಊರಾಗುತ್ತದೆ.

ಹತಾಶೆಗೆ ಹಾಳೆಯನ್ನು ಉದ್ದಕ್ಕೆ ತಿರುಗಿಸಿ. ಆಕೃತಿ ಎಡ, ಬಲ, ಕೆಳಗಿನ ಮೂರೂ ಅಂಚಿಗೆ ಒತ್ತಿಕೊಂಡಿರಲಿ, ತಲೆಯ ಮೇಲೆ ಒಂದು ಬೆರಳು ಜಾಗ. ಒಂಟಿತನದಲ್ಲಿ ಅಂಚುಗಳು ಚೂಪಾಗಿದ್ದರೆ ಒಳ್ಳೆಯದು. ಇಲ್ಲಿ ಬಣ್ಣ ಹಸಿಯಿರುವಾಗಲೇ ಒದ್ದೆ ಕುಂಚದಿಂದ ಬೆನ್ನಿನ ಅಂಚನ್ನು ಕತ್ತಲಿಗೆ ಎಳೆದು ಕರಗಿಸಿ. ಒಣಗಿದ ಮೇಲೆ ಉಜ್ಜಿದರೆ ಬಣ್ಣ ಕರಗುವುದಿಲ್ಲ, ಕಾಗದವೇ ಏಳುತ್ತದೆ.

ಕೊನೆಗೆ ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಅದರಲ್ಲಿ ಭಾವ ಕಾಣದಿದ್ದರೆ ತಿದ್ದಬೇಕಾದದ್ದು ಬಣ್ಣವನ್ನಲ್ಲ, ಬೆಳಕು-ಕತ್ತಲಿನ ಹಂಚಿಕೆಯನ್ನು.