ಬಸ್ಸಿನ ಸಮಯ ಕೇಳುತ್ತಾ ಇಂಗ್ಲಿಷ್ ಮಾತು ಶುರುವಾಯಿತು

ಉಡುಪಿ ಹತ್ತಿರದ ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಬಾಯಿಪಾಠ. ಮಾತಾಡಿ ಅಂದರೆ ಮಾತ್ರ ತಲೆ ತಗ್ಗಿಸುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಆಡಲೇಬೇಕಾದ ಸಂದರ್ಭವೇ ಅವರಿಗಿಲ್ಲ. ಅದನ್ನು ಕ್ಲಾಸಿನಲ್ಲೇ ಹುಟ್ಟಿಸಬೇಕಿತ್ತು.

ಇಬ್ಬಿಬ್ಬರನ್ನು ಜೋಡಿ ಮಾಡಿದೆ. ಒಬ್ಬಳ ಕೈಯಲ್ಲಿ ಕಾರ್ಕಳ, ಕುಂದಾಪುರ, ಮಂಗಳೂರು ಬಸ್ಸುಗಳ ಸಮಯದ ಚೀಟಿ. ಇನ್ನೊಬ್ಬಳಲ್ಲಿ ಮದುವೆ ಕಾಗದ: ಕಾರ್ಕಳದಲ್ಲಿ 11.40ಕ್ಕೆ ಮುಹೂರ್ತ. ಚೀಟಿ ತೋರಿಸುವಂತಿಲ್ಲ, ಕೇಳಿಯೇ ತಿಳಿಯಬೇಕು. ಯಾವ ಬಸ್ಸು ಹಿಡಿಯುವುದೆಂದು ಇಬ್ಬರೂ ತೀರ್ಮಾನಿಸಿ ಕ್ಲಾಸಿಗೆ ಹೇಳಬೇಕು. “ವಾಟ್ ಟೈಮ್ ಬಸ್ ರೀಚ್?” ಅಂದಳು ಒಬ್ಬಳು. ನಾನು ನಡುವೆ ಬಾಯಿ ಹಾಕಲಿಲ್ಲ. ಉತ್ತರ ಬಂತು, ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ಎಲ್ಲರೆದುರು ಹೇಳುವ ಮೊದಲು ಆ ವಾಕ್ಯವನ್ನು ಬೋರ್ಡಿನಲ್ಲಿ ಸರಿಮಾಡಿಕೊಂಡೆವು. ಮೊದಲು ಕೆಲಸ, ಆಮೇಲೆ ವ್ಯಾಕರಣ. ಈ ಕ್ರಮವನ್ನು ಬಿಡಲೇಬಾರದು.

ಇದಕ್ಕೆ ನಮ್ಮಲ್ಲೇ ಬೇರಿದೆ. ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಇಂಗ್ಲಿಷ್ ಕಲಿಕೆಯ ಪ್ರಯೋಗ ಇಂಥ ಚಟುವಟಿಕೆಗಳನ್ನೇ ನೆಚ್ಚಿತ್ತು. ಅವರು ಗುಂಪು ಕೆಲಸಕ್ಕೆ ಒತ್ತು ಕೊಡಲಿಲ್ಲ. ಆದರೆ ಮಾತು ಹೊರಡಿಸಲು ನನಗೆ ಜೋಡಿಯೇ ಬೇಕಾಯಿತು.

ತುಂಬಾ ನಾಚುವ ಮಕ್ಕಳಿದ್ದರೆ ಮೊದಲು ಎರಡು ನಿಮಿಷ ಯೋಚಿಸಲು ಬಿಡಿ, ತುಳುವಿನಲ್ಲಾದರೂ ಸರಿ.